ಓವರ್‌ಟೇಕ್ ಮುಗಿಯುವುದು ನಿಮ್ಮ ಲೇನಿಗೆ ವಾಪಸ್ ಬಂದ ಮೇಲೆ

ಹೆದ್ದಾರಿಯಲ್ಲಿ ಡಿವೈಡರ್ ಪಕ್ಕದ ಲೇನಿಗೆ ಎಲ್ಲರೂ ‘ಸ್ಪೀಡ್ ಲೇನ್’ ಅನ್ನುತ್ತಾರೆ. ಅರ್ಧ ತೊಂದರೆ ಶುರುವಾಗುವುದೇ ಈ ಹೆಸರಿನಿಂದ. ಆ ಲೇನ್ ಇರುವುದು ಓವರ್‌ಟೇಕ್ ಮಾಡುವುದಕ್ಕೆ. ಮಾಡಿ ಮುಗಿಸಿದಿರಾ, ಅಲ್ಲಿ ನಿಮಗೆ ಇನ್ನು ಕೆಲಸವಿಲ್ಲ. ನೀವು 80ರಲ್ಲಿದ್ದರೂ ಅಷ್ಟೇ, 120ರಲ್ಲಿದ್ದರೂ ಅಷ್ಟೇ. ಇದೊಂದು ತಲೆಯಲ್ಲಿ ಕೂತರೆ ಹೆದ್ದಾರಿಯ ಮುಕ್ಕಾಲು ಪಾಲು ನಿಯಮಗಳು ತಾವಾಗಿಯೇ ಅರ್ಥವಾಗುತ್ತಾ ಹೋಗುತ್ತವೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಕೆಲವು ದೇಶಗಳಲ್ಲಿ ರಸ್ತೆಯ ಎಡಕ್ಕೆ ಓಡಿಸುತ್ತಾರೆ, ಕೆಲವು ಕಡೆ ಬಲಕ್ಕೆ. ಸ್ವೀಡನ್ 1967ರಲ್ಲಿ ಎಡದಿಂದ ಬಲಕ್ಕೆ ಬದಲಾಯಿತು, ಸಮೋವಾ 2009ರಲ್ಲಿ ಬಲದಿಂದ ಎಡಕ್ಕೆ ಬಂತು. ಹಾಗಾಗಿ ಎಡ, ಬಲ ಅಂತ ಹೇಳುತ್ತಾ ಹೋದರೆ ಗೊಂದಲ. ಇಲ್ಲಿ ನಾನು ‘ಡಿವೈಡರ್ ಲೇನ್’ ಮತ್ತು ‘ಅಂಚಿನ ಲೇನ್’ ಅಂತಲೇ ಬರೆಯುತ್ತೇನೆ. ಎರಡೂ ಪದ್ಧತಿಗೆ ಲೆಕ್ಕ ಒಂದೇ. ಓಡಿಸುವುದು ಅಂಚಿನ ಲೇನಿನಲ್ಲಿ, ಓವರ್‌ಟೇಕ್ ಡಿವೈಡರ್ ಕಡೆಯಿಂದ.

ಹೊರಡುವ ಮುಂಚೆ ಕನ್ನಡಿ ನೋಡಿಕೊಳ್ಳಿ

ತುಂಬಾ ಜನ ಪಕ್ಕದ ಕನ್ನಡಿಯಲ್ಲಿ ತಮ್ಮದೇ ಗಾಡಿಯ ಬಾಗಿಲು ಅರ್ಧ ಕಾಣುವ ಹಾಗೆ ಇಟ್ಟುಕೊಂಡಿರುತ್ತಾರೆ. ನಿಮ್ಮ ಬಾಗಿಲು ಎಲ್ಲಿಗೂ ಹೋಗುವುದಿಲ್ಲ, ಅದನ್ನು ನೋಡಿ ಏನು ಮಾಡಬೇಕು? ಹೀಗೆ ಮಾಡಿ. ತಲೆಯನ್ನು ನಿಮ್ಮ ಪಕ್ಕದ ಕಿಟಕಿಯ ಗಾಜಿಗೆ ತಾಗುವಷ್ಟು ವಾಲಿಸಿ, ಗಾಡಿಯ ಹಿಂಬದಿಯ ಮೂಲೆ ಗೆರೆಯಷ್ಟು ಮಾತ್ರ ಕಾಣುವ ಹಾಗೆ ಆ ಕಡೆಯ ಕನ್ನಡಿಯನ್ನು ಹೊರಕ್ಕೆ ತಿರುಗಿಸಿ. ಆಮೇಲೆ ಎರಡು ಸೀಟಿನ ನಡುವೆ ವಾಲಿ ಇನ್ನೊಂದು ಕಡೆಯದನ್ನೂ ಹಾಗೇ ಮಾಡಿ. ನೇರ ಕೂತಾಗ ನಿಮ್ಮ ಗಾಡಿ ಕನ್ನಡಿಯಲ್ಲಿ ಕಾಣುವುದೇ ಇಲ್ಲ. ಮೊದಲ ಎರಡು ದಿನ ವಿಚಿತ್ರ ಅನಿಸುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ. ಹಿಂದಿನಿಂದ ಬರುವ ಕಾರು ಒಳಗಿನ ಕನ್ನಡಿಯಿಂದ ಜಾರುತ್ತಿದ್ದ ಹಾಗೆ ಪಕ್ಕದ ಕನ್ನಡಿಗೆ ಬರುತ್ತದೆ, ಅಲ್ಲಿಂದ ಜಾರಿದರೆ ಕಣ್ಣಂಚಿಗೇ ಸಿಗುತ್ತದೆ.

ಇಷ್ಟಾದರೂ ಕುತ್ತಿಗೆ ತಿರುಗಿಸಿ ಒಂದು ಸಲ ನೋಡಲೇಬೇಕು. ನನಗೆ ಇದನ್ನು ಕಲಿಸಿದ್ದು ಒಂದು ಬೈಕು. ಮೂರೂ ಕನ್ನಡಿ ಖಾಲಿ ಇದ್ದವು, ಇಂಡಿಕೇಟರ್ ಹಾಕಿದ್ದೆ, ಸ್ಟೇರಿಂಗ್ ಸ್ವಲ್ಪವೇ ತಿರುಗಿಸಿದ್ದೆ, ಕಿವಿಯ ಪಕ್ಕದಲ್ಲೇ ಹಾರ್ನ್ ಕೇಳಿತು. ಹಿಂದಿನ ಬಾಗಿಲಿನ ಪಕ್ಕ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಒಬ್ಬರು ಬೈಕಿನಲ್ಲಿದ್ದರು. ಬ್ರೇಕ್ ಹಿಡಿದ ರಭಸಕ್ಕೆ ಬೈಕು ಎರಡು ಸಲ ಓಲಾಡಿತು, ಪುಣ್ಯಕ್ಕೆ ಬೀಳಲಿಲ್ಲ. ಹಿಂದೆ ಹೆಂಡತಿ, ನಡುವೆ ಮಗು. ಆ ದಿನದಿಂದ ರಸ್ತೆ ಎಷ್ಟೇ ಖಾಲಿ ಇದ್ದರೂ ನಾನು ಭುಜದ ಮೇಲಿಂದ ಒಂದು ನೋಟ ಹಾಯಿಸದೆ ಲೇನ್ ಬದಲಿಸಿಲ್ಲ. ಅದಕ್ಕೆ ಅರ್ಧ ಸೆಕೆಂಡ್ ಸಾಕು.

ಹೆದ್ದಾರಿಗೆ ಸೇರುವಾಗ

ಪಕ್ಕದ ರಸ್ತೆಯಿಂದ ಹೆದ್ದಾರಿಗೆ ಸೇರುವ ಕಡೆ ಒಂದು ಉದ್ದ ಲೇನ್ ಪಕ್ಕಪಕ್ಕದಲ್ಲೇ ಬರುತ್ತದೆ. ಅದು ವೇಗ ಏರಿಸಿಕೊಳ್ಳುವುದಕ್ಕೆ ಅಂತಲೇ ಮಾಡಿದ್ದು. ಕೆಲವರು ಅಲ್ಲಿ 40ರಲ್ಲಿ ಬಂದು, ಕೊನೆಯಲ್ಲಿ ನಿಂತು, ಆಮೇಲೆ ಜಾಗ ಹುಡುಕುತ್ತಾರೆ. ನಿಂತ ಗಾಡಿಯನ್ನು 100ರ ಹರಿವಿಗೆ ಸೇರಿಸುವುದು ತುಂಬಾ ಕಷ್ಟ. ಲೇನ್ ಶುರುವಾದ ಕೂಡಲೇ ಇಂಡಿಕೇಟರ್ ಹಾಕಿ, ಆಕ್ಸಿಲರೇಟರ್ ಒತ್ತಿ, ಓಡುತ್ತಿರುವಾಗಲೇ ಯಾವ ಎರಡು ಗಾಡಿಗಳ ನಡುವೆ ಸೇರುತ್ತೇನೆ ಅಂತ ಆರಿಸಿಕೊಳ್ಳಿ. ಮೊದಲ ಹಕ್ಕು ಹೆದ್ದಾರಿಯಲ್ಲಿ ಆಗಲೇ ಇರುವವರದು, ಹೊಂದಿಕೊಳ್ಳಬೇಕಾದವರು ನೀವು. ನೀವೇ ಹೆದ್ದಾರಿಯಲ್ಲಿದ್ದು ಯಾರೋ ಸೇರುವುದಕ್ಕೆ ಬರುತ್ತಿದ್ದರೆ, ಪಕ್ಕದ ಲೇನ್ ಖಾಲಿ ಇದ್ದಾಗ ಸ್ವಲ್ಪ ಹೊತ್ತು ಅಲ್ಲಿಗೆ ಸರಿದು ಜಾಗ ಮಾಡಿಕೊಡಿ.

ಯಾವ ಲೇನಿನಲ್ಲಿ ಇರಬೇಕು

ಎರಡು ಲೇನ್ ಇದ್ದರೆ ಪ್ರಶ್ನೆಯೇ ಇಲ್ಲ, ಅಂಚಿನ ಲೇನ್. ಮೂರು ಇದ್ದಾಗ ಜನ ನಡುವಿನದಕ್ಕೆ ಅಂಟಿಕೊಳ್ಳುತ್ತಾರೆ, ಅಂಚಿನದು ಲಾರಿಗಳಿಗೆ ಮಾತ್ರ ಅಂದುಕೊಂಡು. ಬ್ರಿಟನ್‌ನಲ್ಲಿ ಹೀಗೆ ಸುಮ್ನೆ ನಡುವಿನ ಲೇನ್ ಹಿಡಿದು ಕೂರುವವರಿಗೆ 2013ರಿಂದ ಪೊಲೀಸರು ಸ್ಥಳದಲ್ಲೇ ದಂಡ ಹಾಕಬಹುದು. ಜರ್ಮನಿಯಲ್ಲಂತೂ ಅಂಚಿನ ಕಡೆಯೇ ಇರಬೇಕು ಅನ್ನುವುದು ಕಾನೂನಿನ ಮೂಲ ನಿಯಮ.

ಇಷ್ಟು ಕಟ್ಟುನಿಟ್ಟು ಯಾಕೆ ಅಂತೀರಾ? ಒಂದು ಕಾರು ಡಿವೈಡರ್ ಲೇನಿನಲ್ಲಿ 85ರಲ್ಲಿ ಹೋಗುತ್ತಿದೆ, ಅಂಚಿನ ಲೇನಿನಲ್ಲಿ ಲಾರಿಗಳು 80ರಲ್ಲಿ. ಹಿಂದೆ ಐದಾರು ಕಾರು ಒಂದಕ್ಕೊಂದು ಅಂಟಿಕೊಂಡು ಸಾಲಾಗುತ್ತವೆ. ಮೂರನೆಯವರಿಗೆ ತಾಳ್ಮೆ ಕೆಡುತ್ತದೆ, ಲಾರಿಗಳ ನಡುವಿನ ಸಂದಿಯಲ್ಲಿ ನುಗ್ಗಿ ತಪ್ಪು ಕಡೆಯಿಂದ ಸೈಡ್ ಹೊಡೆಯುತ್ತಾರೆ. ಅದೇ ಹೊತ್ತಿಗೆ ಮುಂದಿನವರು ‘ಹಿಂದೆ ಸಾಲಿದೆ, ಬಿಟ್ಟುಕೊಡೋಣ’ ಅಂತ ಅಂಚಿನ ಕಡೆ ಬರುತ್ತಾರೆ. ಇಬ್ಬರೂ ಒಂದೇ ಜಾಗಕ್ಕೆ. ಆ ಮೊದಲ ಕಾರಿನವರು ವೇಗದ ಮಿತಿ ಮೀರಿರಲಿಲ್ಲ, ತಾವು ಜಾಗರೂಕತೆಯಿಂದ ಓಡಿಸುತ್ತಿದ್ದೇವೆ ಅಂತಲೇ ನಂಬಿರುತ್ತಾರೆ. ಆದರೆ ಹಿಂದಿನದ್ದೆಲ್ಲ ಶುರುವಾಗಿದ್ದು ಅವರಿಂದ. ನನಗೆ ಅತಿ ವೇಗದವರ ಮೇಲೆ ಬರುವಷ್ಟೇ ಸಿಟ್ಟು ಇವರ ಮೇಲೂ ಬರುತ್ತದೆ.

ಹಾಗಂತ ಎರಡು ಲಾರಿಗಳ ನಡುವೆ ನೂರು ಮೀಟರ್ ಸಿಕ್ಕಿತು ಅಂತ ಒಳಗೆ ಹೊರಗೆ ಹಾವಿನ ಹಾಗೆ ಹೊರಳಾಡಬೇಕಿಲ್ಲ. ಸಾಲಾಗಿ ನಾಲ್ಕು ಲಾರಿ ಇದ್ದರೆ ನಾಲ್ಕನ್ನೂ ದಾಟಿ, ಆಮೇಲೆ ವಾಪಸ್ ಬನ್ನಿ. ಎಲ್ಲ ಲೇನೂ ತುಂಬಿ ಗಾಡಿಗಳು ತೆವಳುತ್ತಿದ್ದರೆ ಲೆಕ್ಕವೇ ಬೇರೆ. ಆಗ ಪಕ್ಕದ ಸಾಲು ಮುಂದೆ ಹೋದರೆ ಹೋಗಲಿ, ನಿಮ್ಮ ಸಾಲಿನಲ್ಲೇ ಇರಿ.

ಬೋರ್ಡಿನ ಮೇಲಿನ ಅಂಕಿ

ವೇಗದ ಮಿತಿ ಅಂದರೆ ಒಣ ರಸ್ತೆ, ಒಳ್ಳೆ ಬೆಳಕು, ಕಡಿಮೆ ಗಾಡಿಗಳು ಇದ್ದಾಗಿನ ಗರಿಷ್ಠ. ಅಷ್ಟರಲ್ಲೇ ಹೋಗಬೇಕು ಅಂತ ಅಲ್ಲ. ಫ್ರಾನ್ಸ್‌ನವರು ಇದನ್ನು ನಿಯಮದಲ್ಲೇ ಬರೆದಿದ್ದಾರೆ: ಅಲ್ಲಿನ ಮೋಟರ್‌ವೇಗಳಲ್ಲಿ ಸಾಮಾನ್ಯವಾಗಿ 130, ಮಳೆ ಬಂದರೆ 110. ಜರ್ಮನಿಯ ಕೆಲವು ಆಟೋಬಾನ್ ಭಾಗಗಳಲ್ಲಿ ಮಿತಿಯೇ ಇಲ್ಲ ಅನ್ನುವುದು ಎಲ್ಲರಿಗೂ ಗೊತ್ತು, ಆದರೆ ಅಲ್ಲೂ 130 ಮೀರಬೇಡಿ ಅನ್ನುವ ಶಿಫಾರಸು 1978ರಿಂದ ಇದೆ ಅನ್ನುವುದು ಕಡಿಮೆ ಜನಕ್ಕೆ ಗೊತ್ತು.

20 ಕಿಲೋಮೀಟರ್ ಜಾಸ್ತಿ ಅಂದರೆ ಏನು ವ್ಯತ್ಯಾಸ ಅಂತ ಕೇಳುವವರಿಗೆ ನಾನು ಈ ಲೆಕ್ಕ ಹೇಳುತ್ತೇನೆ. ಎರಡು ಕಾರು ಅಕ್ಕಪಕ್ಕ ಹೋಗುತ್ತಿವೆ, ಒಂದು 100ರಲ್ಲಿ, ಇನ್ನೊಂದು 120ರಲ್ಲಿ. ಮುಂದೆ ಏನೋ ಅಡ್ಡ ಬಂತು, ಇಬ್ಬರಿಗೂ ಒಂದೇ ಕ್ಷಣ ಕಾಣಿಸಿತು. ಕಂಡು, ಅರ್ಥವಾಗಿ, ಕಾಲು ಬ್ರೇಕ್ ಮೇಲೆ ಹೋಗುವುದಕ್ಕೆ ಒಂದೂವರೆ ಸೆಕೆಂಡ್ ಅಂತ ಇಟ್ಟುಕೊಳ್ಳಿ. ಅಷ್ಟರಲ್ಲೇ ಮೊದಲನೆಯದು 42 ಮೀಟರ್ ಹೋಗಿರುತ್ತದೆ, ಎರಡನೆಯದು 50 ಮೀಟರ್. ಆಮೇಲೆ ಒಣ ರಸ್ತೆಯಲ್ಲಿ ಇಬ್ಬರೂ ಒಂದೇ ಸಮ ಗಟ್ಟಿಯಾಗಿ ಬ್ರೇಕ್ ಒತ್ತಿದರೆ, ಮೊದಲ ಕಾರು ಒಟ್ಟು 97 ಮೀಟರ್ ಹತ್ತಿರ ನಿಲ್ಲುತ್ತದೆ. ಅದು ನಿಂತ ಜಾಗವನ್ನು ಎರಡನೆಯ ಕಾರು ದಾಟುವಾಗ ಅದರ ವೇಗ ಇನ್ನೂ 75ರ ಮೇಲೆ! ಬ್ರೇಕ್ ಕೆಟ್ಟಿಲ್ಲ, ಓಡಿಸುವವರ ತಪ್ಪೂ ಇಲ್ಲ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಓಡುವ ದೂರ ನಾಲ್ಕು ಪಟ್ಟಾಗುತ್ತದೆ, ಅದರ ಫಲ ಇದು. ಇಷ್ಟಕ್ಕೂ 50 ಕಿಲೋಮೀಟರ್ ದೂರಕ್ಕೆ 100ರ ಬದಲು 120ರಲ್ಲಿ ಹೋದರೆ ಉಳಿಯುವುದು ಐದೇ ನಿಮಿಷ.

ಗಾಡಿಯ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಸ್ವಲ್ಪ ಜಾಸ್ತಿ ತೋರಿಸುವುದು ಸಾಮಾನ್ಯ. ವಿಶ್ವಸಂಸ್ಥೆಯ ವಾಹನ ನಿಯಮದ ಪ್ರಕಾರ ಅದು ಕಡಿಮೆಯಂತೂ ತೋರಿಸುವ ಹಾಗಿಲ್ಲ. ‘ಮೀಟರ್ ಸುಳ್ಳು ಹೇಳುತ್ತೆ, ಇನ್ನೂ ಹತ್ತು ಏರಿಸೋಣ’ ಅನ್ನುವ ಲೆಕ್ಕ ಮಾತ್ರ ಬೇಡ.

ಮುಂದಿನ ಗಾಡಿಗೂ ನಿಮಗೂ ನಡುವೆ

ಮುಂದಿನ ಗಾಡಿ ಒಂದು ಕಂಬ ದಾಟಿದ ಕೂಡಲೇ ‘ಸಾವಿರದ ಒಂದು, ಸಾವಿರದ ಎರಡು’ ಅಂತ ನಿಧಾನವಾಗಿ ಎಣಿಸಿ. ಎಣಿಸಿ ಮುಗಿಯುವ ಮುಂಚೆಯೇ ನೀವು ಆ ಕಂಬದ ಹತ್ತಿರ ಬಂದಿದ್ದರೆ ತುಂಬಾ ಹತ್ತಿರದಲ್ಲಿದ್ದೀರಿ. ಎರಡು ಸೆಕೆಂಡ್ ಕನಿಷ್ಠ, ಮೂರು ಇದ್ದರೆ ನೆಮ್ಮದಿ. ಮಳೆಯಲ್ಲಿ ನಾಲ್ಕು. ಜರ್ಮನಿಯಲ್ಲಿ ಇನ್ನೊಂದು ಸುಲಭ ಸೂತ್ರ ಹೇಳಿಕೊಡುತ್ತಾರೆ: ಮೀಟರಿನಲ್ಲಿ ಎಷ್ಟಿದೆಯೋ ಅದರ ಅರ್ಧದಷ್ಟು ಮೀಟರ್ ದೂರ. 100ರಲ್ಲಿದ್ದರೆ 50 ಮೀಟರ್. ‘ಅಷ್ಟು ಜಾಗ ಬಿಟ್ಟರೆ ಯಾರಾದರೂ ನುಗ್ಗುತ್ತಾರೆ’ ಅನ್ನುತ್ತಾರೆ. ನುಗ್ಗುತ್ತಾರೆ, ನಿಜ. ನುಗ್ಗಿದರೆ ಆಕ್ಸಿಲರೇಟರ್‌ನಿಂದ ಸ್ವಲ್ಪ ಕಾಲು ತೆಗೆಯಿರಿ, ಜಾಗ ಮತ್ತೆ ಆಗುತ್ತದೆ.

ಈಗ ಓವರ್‌ಟೇಕ್

ಅಂಚಿನ ಲೇನಿನಲ್ಲಿ ಮುಂದೆ ಒಂದು ಉದ್ದನೆಯ ಲಾರಿ 80ರಲ್ಲಿ ಹೋಗುತ್ತಿದೆ, ನೀವು 100ರಲ್ಲಿ ಬರುತ್ತಿದ್ದೀರಿ. ಮಿತಿ 100ಕ್ಕಿಂತ ಕಡಿಮೆ ಇಲ್ಲ ಅಂದುಕೊಳ್ಳೋಣ. ಅದರ ಬಾಲಕ್ಕೆ ಅಂಟಿಕೊಂಡ ಮೇಲೆ ಯೋಚನೆ ಮಾಡಬೇಡಿ, ದೂರದಿಂದಲೇ ಶುರು ಮಾಡಿ. ಹತ್ತಿರ ಹೋದಷ್ಟೂ ಮುಂದಿನ ರಸ್ತೆ ಲಾರಿಯ ಬೆನ್ನಿಗೆ ಮುಚ್ಚಿಹೋಗುತ್ತದೆ, ಬ್ರೇಕ್ ಹಿಡಿಯಬೇಕಾಗುತ್ತದೆ, ಆಮೇಲೆ 80ರಿಂದ ಮತ್ತೆ ಏರಿಸುತ್ತಾ ಡಿವೈಡರ್ ಲೇನಿಗೆ ಬರುವಾಗ ಹಿಂದಿನಿಂದ ಬರುವವರಿಗೆ ನೀವೇ ಅಡ್ಡಿ.

ಮೊದಲು ಲಾರಿಯ ಮುಂದೆ ಏನಿದೆ ನೋಡಿ. ಅದರ ಮುಂದೆ ಇನ್ನೂ ನಿಧಾನದ ಟ್ರ್ಯಾಕ್ಟರೋ ಬಸ್ಸೋ ಇದ್ದರೆ ಲಾರಿಯವರೂ ಇನ್ನೇನು ನಿಮ್ಮ ಲೇನಿಗೆ ಬರಬಹುದು. ಅವರ ಮುಂದಿನ ಚಕ್ರ ನೋಡಿ, ಇಂಡಿಕೇಟರ್‌ಗಿಂತ ಮೊದಲು ಸುದ್ದಿ ಹೇಳುವುದು ಅದೇ. ಆಮೇಲೆ ಒಳಗಿನ ಕನ್ನಡಿ, ಪಕ್ಕದ ಕನ್ನಡಿ. ಹಿಂದೆ ಡಿವೈಡರ್ ಲೇನಿನಲ್ಲಿ ಬರುತ್ತಿರುವ ಕಾರು ಕನ್ನಡಿಯಲ್ಲಿ ಬೇಗ ಬೇಗ ದೊಡ್ಡದಾಗುತ್ತಿದ್ದರೆ ಅದು ನಿಮಗಿಂತ ತುಂಬಾ ವೇಗದಲ್ಲಿದೆ, ಅದನ್ನು ಹೋಗಲು ಬಿಡಿ. ಹಾಗೇ ಇದ್ದಷ್ಟೇ ಇದ್ದರೆ ನಿಮ್ಮ ವೇಗದಲ್ಲೇ ಇದೆ. ನಂತರ ಇಂಡಿಕೇಟರ್. ಮೂರು ಸಲವಾದರೂ ಮಿನುಗಲಿ, ಹಿಂದಿನವರಿಗೆ ಅರ್ಥವಾಗಬೇಕು. ಭುಜದ ಮೇಲಿಂದ ಆ ಅರ್ಧ ಸೆಕೆಂಡಿನ ನೋಟ. ಖಾಲಿ ಇದ್ದರೆ ಮೆಲ್ಲಗೆ, ಒಂದೇ ಓರೆಯಲ್ಲಿ ಸರಿಯಿರಿ.

ಲಾರಿಯ ಪಕ್ಕಕ್ಕೆ ಬಂದಾಗ ಸ್ಟೇರಿಂಗ್ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿಯಿರಿ. ಅಡ್ಡಗಾಳಿ ಇರುವ ದಿನ ಲಾರಿಯ ಮರೆಯಲ್ಲಿ ಇರುವಷ್ಟು ಹೊತ್ತು ಗಾಳಿ ತಾಕುವುದಿಲ್ಲ, ಅದರ ಮುಂಭಾಗ ದಾಟುತ್ತಿದ್ದ ಹಾಗೆ ಒಮ್ಮೆಲೇ ಹೊಡೆಯುತ್ತದೆ. ಬೈಕಿನವರಿಗೆ ಇದು ಇನ್ನೂ ಜಾಸ್ತಿ. ಪಕ್ಕದಲ್ಲಿ ಕಾಲ ಕಳೆಯಬೇಡಿ. ಲಾರಿಯ ಕನ್ನಡಿಯಲ್ಲಿ ಚಾಲಕರ ಮುಖ ನಿಮಗೆ ಕಾಣದಿದ್ದರೆ ಅವರಿಗೂ ನೀವು ಕಾಣುತ್ತಿಲ್ಲ.

ದಾಟಿದ್ದಾಯಿತು. ಬಹಳ ಜನ ತಪ್ಪು ಮಾಡುವುದು ಇಲ್ಲೇ. ತಮ್ಮ ಬಂಪರ್ ಲಾರಿಯ ಮೂತಿ ದಾಟಿದ ಕೂಡಲೇ ಒಳಗೆ ಎಳೆದುಬಿಡುತ್ತಾರೆ. ತುಂಬಿದ ಲಾರಿ ನಿಲ್ಲುವುದಕ್ಕೆ ಕಾರಿಗಿಂತ ಎಷ್ಟೋ ಜಾಸ್ತಿ ದೂರ ಬೇಕು, ಆ ದೂರವನ್ನೇ ನೀವು ಕಿತ್ತುಕೊಂಡ ಹಾಗಾಯಿತು. ಒಳಗಿನ ಕನ್ನಡಿಯಲ್ಲಿ ಲಾರಿಯ ಎರಡೂ ಹೆಡ್‌ಲೈಟ್, ಕೆಳಗೆ ಒಂದಿಷ್ಟು ರಸ್ತೆ, ಮೂರೂ ಕಂಡ ಮೇಲೆ ಇನ್ನೂ ಒಂದು ಕ್ಷಣ ಮುಂದೆ ಹೋಗಿ, ಇಂಡಿಕೇಟರ್ ಹಾಕಿ, ಅಂಚಿನ ಲೇನಿಗೆ ಬನ್ನಿ. ಬಂದ ಮೇಲೆ ವೇಗ ಇಳಿಸಬೇಡಿ. ನಿಮ್ಮನ್ನು ದಾಟಲು ಬಿಟ್ಟವರ ಮೂತಿಯ ಮುಂದೆ ಬ್ರೇಕ್ ಹಿಡಿಯುವಷ್ಟು ಕೆಟ್ಟ ನಡತೆ ಹೆದ್ದಾರಿಯಲ್ಲಿ ಇನ್ನೊಂದಿಲ್ಲ.

ಇದಕ್ಕೆಲ್ಲ ಎಷ್ಟು ಹೊತ್ತು? ಹಿಂದೆ 55 ಮೀಟರ್, ಲಾರಿಯ ಉದ್ದ 16, ನಿಮ್ಮ ಕಾರಿನದು 4, ಮುಂದೆ ಬಿಡುವ ಜಾಗ 45. ಒಟ್ಟು 120 ಮೀಟರ್. ವೇಗದ ವ್ಯತ್ಯಾಸ ಗಂಟೆಗೆ 20 ಕಿಲೋಮೀಟರ್, ಅಂದರೆ ಸೆಕೆಂಡಿಗೆ ಐದೂವರೆ ಮೀಟರ್. ಸುಮಾರು 22 ಸೆಕೆಂಡ್ ಬೇಕು, ಅಷ್ಟರಲ್ಲಿ ನೀವು 600 ಮೀಟರ್ ಓಡಿರುತ್ತೀರಿ. ವ್ಯತ್ಯಾಸ ಬರೀ 2 ಕಿಲೋಮೀಟರ್ ಆದರೆ ಮೂರೂವರೆ ನಿಮಿಷ ದಾಟುತ್ತದೆ! ಲಾರಿಯೊಂದು ಲಾರಿಯನ್ನು ಹೀಗೆ ತೆವಳುತ್ತಾ ಓವರ್‌ಟೇಕ್ ಮಾಡುವುದಕ್ಕೆ ಜರ್ಮನ್ನರು ‘ಆನೆಗಳ ಓಟ’ ಅಂತಲೇ ಹೆಸರಿಟ್ಟಿದ್ದಾರೆ. ನಿಮ್ಮ ಮತ್ತು ಮುಂದಿನವರ ವೇಗದಲ್ಲಿ ಹತ್ತು ಹದಿನೈದರ ವ್ಯತ್ಯಾಸವೂ ಇಲ್ಲದಿದ್ದರೆ ಹಿಂದೆಯೇ ಇರುವುದು ಮೇಲು.

ನಿಮ್ಮನ್ನು ಯಾರಾದರೂ ಓವರ್‌ಟೇಕ್ ಮಾಡುವಾಗ

ವೇಗ ಹೆಚ್ಚಿಸಬೇಡಿ. 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದದಲ್ಲೇ ಇದು ಬರೆದಿದೆ: ಹಿಂದಿನವರು ದಾಟಲು ಬಂದರೆ ಅಂಚಿಗೆ ಸರಿಯಬೇಕು, ವೇಗ ಏರಿಸಬಾರದು. ಒಂದೇ ಸಮ ಓಡಿಸಿ, ಅವರಿಗೆ ಮುಂದೆ ಜಾಗ ಸಾಲದು ಅನಿಸಿದರೆ ಸ್ವಲ್ಪ ಕಾಲು ಸಡಿಲಿಸಿ. ನೀವೇ ಓವರ್‌ಟೇಕ್ ಮಾಡುತ್ತಿರುವಾಗ ಹಿಂದೆ ಯಾರೋ ಹೈ ಬೀಮ್ ಮಿನುಗಿಸುತ್ತಾ ಅಂಟಿಕೊಂಡರೆ ಗಾಬರಿ ಬೇಡ, ಮಿತಿ ಮೀರಿ ಓಡುವುದೂ ಬೇಡ. ಹಿಡಿದ ಕೆಲಸ ಮುಗಿಸಿ, ಜಾಗ ಸಿಕ್ಕ ಕೂಡಲೇ ಬಿಟ್ಟುಕೊಡಿ. ಅವರು ಮಿತಿ ಮೀರಿದ್ದಾರೆ, ನಾನ್ಯಾಕೆ ಬಿಡಲಿ ಅಂತ ಹಟ ಹಿಡಿಯುವವರಿದ್ದಾರೆ. ಅಂಥವರಿಗೆ ಕೈ ಮುಗಿದು ಹೇಳುತ್ತೇನೆ, ಅವಸರದಲ್ಲಿರುವವರು ಬೆನ್ನ ಹಿಂದೆ ಇರುವುದಕ್ಕಿಂತ ಮುಂದೆ ಹೋಗಿಬಿಡುವುದೇ ನಿಮಗೆ ಕ್ಷೇಮ.

ಡಿವೈಡರ್ ಇಲ್ಲದ ರಸ್ತೆಯಲ್ಲಿ

ಎದುರಿನಿಂದಲೂ ಗಾಡಿ ಬರುವ ರಸ್ತೆಯಲ್ಲಿ ಮೇಲಿನ ಲೆಕ್ಕವೇ ಭಯ ಹುಟ್ಟಿಸುತ್ತದೆ. ಲಾರಿ 60ರಲ್ಲಿ, ನೀವು 80ರಲ್ಲಿ ದಾಟುತ್ತೀರಿ, ವೇಗ ಕಡಿಮೆಯಾದ್ದರಿಂದ ಹಿಂದೆ ಮುಂದೆ ಬಿಡುವ ಜಾಗವೂ ಕಡಿಮೆ ಸಾಕು ಅಂದರೂ ಸುಮಾರು 15 ಸೆಕೆಂಡ್ ಬೇಕು. ಅಷ್ಟರಲ್ಲಿ ನೀವು 340 ಮೀಟರ್, ಎದುರಿನಿಂದ 80ರಲ್ಲಿ ಬರುವವರು ಇನ್ನೊಂದು 340 ಮೀಟರ್. ಹತ್ತಿರ ಹತ್ತಿರ 700 ಮೀಟರ್ ಖಾಲಿ ರಸ್ತೆ ಕಣ್ಣಿಗೆ ಕಾಣುತ್ತಿರಬೇಕು, ಅದೂ ಕೂದಲೆಳೆಯಲ್ಲಿ ತಪ್ಪಿಸಿಕೊಳ್ಳುವುದಕ್ಕೆ. ಒಂದು ಕಿಲೋಮೀಟರ್ ಕಾಣದಿದ್ದರೆ ಬೇಡ. ತಿರುವು, ದಿಬ್ಬದ ನೆತ್ತಿ, ಸೇತುವೆ, ಕೂಡುರಸ್ತೆ, ನಿಮ್ಮ ಕಡೆ ಮುರಿಯದ ಗೆರೆ, ಇಲ್ಲೆಲ್ಲ ಯೋಚನೆಯೇ ಬೇಡ. ದೂರದ ಗಾಡಿ ಎಷ್ಟು ವೇಗದಲ್ಲಿ ಬರುತ್ತಿದೆ ಅಂತ ಅಳೆಯುವುದಕ್ಕೆ ನಮ್ಮ ಕಣ್ಣಿಗೆ ಬರುವುದಿಲ್ಲ, ರಾತ್ರಿ ಒಂದೇ ದೀಪ ಕಂಡರೆ ಬೈಕೋ ಒಂದು ದೀಪ ಕೆಟ್ಟ ಲಾರಿಯೋ ಗೊತ್ತಾಗುವುದಿಲ್ಲ.

ಮುಂದಿನವರು ಓವರ್‌ಟೇಕ್ ಮಾಡಿದರು ಅಂತ ಅವರ ಬೆನ್ನು ಹಿಡಿದು ಹೋಗಬೇಡಿ. ಅವರಿಗೆ ಕಂಡ ಖಾಲಿ ರಸ್ತೆ ಅವರಿಗಷ್ಟೇ. ಲಾರಿಯವರು ಇಂಡಿಕೇಟರ್ ಹಾಕಿ ‘ಹೋಗಿ’ ಅಂತ ಸನ್ನೆ ಮಾಡಿದರೂ ನಿಮ್ಮ ಕಣ್ಣಿಗೆ ಕಾಣುವವರೆಗೆ ಹೋಗಬೇಡಿ. ಅವರು ಒಳ್ಳೆ ಮನಸ್ಸಿನಿಂದಲೇ ಹೇಳಿರುತ್ತಾರೆ, ಆದರೆ ಅದೇ ಇಂಡಿಕೇಟರ್ ‘ನಾನೇ ತಿರುಗುತ್ತಿದ್ದೇನೆ’ ಅಂತಲೂ ಆಗಿರಬಹುದಲ್ವಾ? ಅರ್ಧದಲ್ಲಿ ಅನುಮಾನ ಬಂದರೆ ಬ್ರೇಕ್ ಹಿಡಿದು ಲಾರಿಯ ಹಿಂದಕ್ಕೇ ವಾಪಸ್ ಬನ್ನಿ. ಲಾರಿಯ ಅರ್ಧಕ್ಕಿಂತ ಮುಂದೆ ಹೋಗುವ ಮುಂಚೆ ಈ ದಾರಿ ಸಾಮಾನ್ಯವಾಗಿ ತೆರೆದೇ ಇರುತ್ತದೆ.

ಮಳೆ, ಜಾಮ್, ಕೆಟ್ಟು ನಿಂತ ಗಾಡಿ

ಜೋರು ಮಳೆಯಲ್ಲಿ ಟಯರ್ ನೀರಿನ ಮೇಲೆ ತೇಲುವುದಕ್ಕೆ ಶುರುವಾದರೆ ಸ್ಟೇರಿಂಗ್ ಒಮ್ಮೆಲೇ ಹಗುರಾಗುತ್ತದೆ. ಬ್ರೇಕ್ ತುಳಿಯಬೇಡಿ, ತಿರುಗಿಸಬೇಡಿ, ಆಕ್ಸಿಲರೇಟರ್ ಬಿಟ್ಟು ನೇರ ಹಿಡಿಯಿರಿ, ಟಯರ್ ಮತ್ತೆ ಹಿಡಿತಕ್ಕೆ ಬರುತ್ತದೆ. ಮಳೆಯಲ್ಲಿ ಲಾರಿಯ ಚಕ್ರದ ತುಂತುರು ನಿಮ್ಮ ಗಾಜನ್ನು ಎರಡು ಮೂರು ಸೆಕೆಂಡ್ ಕುರುಡು ಮಾಡುತ್ತದೆ, ಪಕ್ಕಕ್ಕೆ ಹೋಗುವ ಮುಂಚೆಯೇ ವೈಪರ್ ಜೋರು ಮಾಡಿಕೊಳ್ಳಿ. ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಹೋಗಬೇಡಿ, ನೀವು ಲೇನ್ ಬದಲಿಸುವುದು ಯಾರಿಗೂ ತಿಳಿಯುವುದಿಲ್ಲ. ಮುಂದೆ ಸಾಲು ಒಮ್ಮೆಲೇ ನಿಂತಾಗ ಹಿಂದಿನವರಿಗೆ ಹೇಳುವುದಕ್ಕೆ ಕೆಲವು ಸೆಕೆಂಡ್ ಹಾಕಿದರೆ ಸಾಕು.

ಜಾಮ್ ಆದಾಗ ಜರ್ಮನಿ, ಆಸ್ಟ್ರಿಯಾಗಳಲ್ಲಿ ಕಾನೂನಿನಂತೆ ಒಂದು ಕೆಲಸ ಮಾಡುತ್ತಾರೆ, ಎಲ್ಲ ಕಡೆಯೂ ಮಾಡಬೇಕಾದ್ದು ಅನ್ನುವುದು ನನ್ನ ಆಸೆ. ಗಾಡಿಗಳು ತೆವಳಲು ಶುರುವಾದ ಕೂಡಲೇ ಡಿವೈಡರ್ ಲೇನಿನವರು ಡಿವೈಡರ್‌ಗೆ ಒತ್ತಿಕೊಳ್ಳುತ್ತಾರೆ, ಉಳಿದವರೆಲ್ಲ ಅಂಚಿನ ಕಡೆಗೆ. ನಡುವೆ ಆಂಬುಲೆನ್ಸ್‌ಗೆ ದಾರಿ ಬಿಟ್ಟುಕೊಂಡಿರುತ್ತದೆ. ಸೈರನ್ ಕೇಳಿದ ಮೇಲೆ ಸರಿಯುವುದಕ್ಕೆ ಜಾಗವೇ ಇರುವುದಿಲ್ಲ, ಅದಕ್ಕೇ ಮೊದಲೇ.

ಗಾಡಿ ಕೆಟ್ಟರೆ ಆದಷ್ಟೂ ಅಂಚಿಗೆ ತಂದು, ನಾಲ್ಕೂ ಇಂಡಿಕೇಟರ್ ಹಾಕಿ, ಓಡಾಟದ ಕಡೆಯ ಬಾಗಿಲು ಬಿಟ್ಟು ಇನ್ನೊಂದು ಕಡೆಯಿಂದ ಎಲ್ಲರೂ ಇಳಿಯಿರಿ. ತಡೆಬೇಲಿಯ ಆಚೆ ನಿಲ್ಲಿ, ಅದೂ ಕಾರಿನ ಮುಂದೆ ಅಲ್ಲ, ಗಾಡಿಗಳು ಬರುವ ದಿಕ್ಕಿನ ಕಡೆ ಸ್ವಲ್ಪ ದೂರ. ಯಾರಾದರೂ ಬಂದು ಗುದ್ದಿದರೆ ಕಾರು ಮುಂದಕ್ಕೆ ಹಾರುತ್ತದೆ. ಎಚ್ಚರಿಕೆಯ ತ್ರಿಕೋನ ಇಡುವ ನಿಯಮ ದೇಶದಿಂದ ದೇಶಕ್ಕೆ ಬೇರೆ, ಬ್ರಿಟನ್‌ನ ಮೋಟರ್‌ವೇಗಳಲ್ಲಿ ಇಡಲೇಬೇಡಿ ಅನ್ನುತ್ತಾರೆ. ಹೋಗುವ ಮುಂಚೆ ಅಲ್ಲಿನ ನಿಯಮ ತಿಳಿದುಕೊಳ್ಳಿ.

ಹೆದ್ದಾರಿ ಬಿಡುವಾಗ

ನಿಮ್ಮ ತಿರುವಿನ ಮೊದಲ ಬೋರ್ಡ್ ಕಂಡ ಕೂಡಲೇ ಅಂಚಿನ ಲೇನಿಗೆ ಬಂದುಬಿಡಿ, ಅದಾದ ಮೇಲೆ ಯಾರನ್ನೂ ಓವರ್‌ಟೇಕ್ ಮಾಡಬೇಡಿ. ವೇಗ ಇಳಿಸುವುದು ಹೊರಹೋಗುವ ಲೇನಿಗೆ ಪೂರ್ತಿ ಸರಿದ ಮೇಲೆ, ಹೆದ್ದಾರಿಯ ಮೇಲೇ ಅಲ್ಲ. ತಿರುವು ತಪ್ಪಿಹೋಯಿತಾ, ಹೋಗಲಿ ಬಿಡಿ. ಮುಂದಿನ ತಿರುವಿನವರೆಗೆ ಹೋಗಿ ವಾಪಸ್ ಬನ್ನಿ. ಹೆದ್ದಾರಿಯಲ್ಲಿ ರಿವರ್ಸ್ ಬರುವವರನ್ನು ನೋಡಿದಾಗ ಎದೆ ಝಲ್ ಅನ್ನುತ್ತದೆ.

ಇಳಿದ ಮೇಲೂ ಒಂದು ಅಪಾಯ ಇದೆ. ಗಂಟೆಗಟ್ಟಲೆ 100ರಲ್ಲಿ ಓಡಿಸಿ ಬಂದ ಕಣ್ಣಿಗೆ 70 ಅಂದರೆ ನಡೆದುಕೊಂಡು ಹೋದ ಹಾಗೆ ಕಾಣುತ್ತದೆ. ನಿಧಾನವಾಗಿದ್ದೇನೆ ಅಂದುಕೊಂಡೇ ಮೊದಲ ತಿರುವಿನಲ್ಲಿ ಗಾಡಿ ಹೊರಕ್ಕೆ ಎಳೆಯುತ್ತದೆ, ಅಥವಾ ಶಾಲೆಯ ಮುಂದೆ 60ರಲ್ಲಿ ಹೋಗಿಬಿಡುತ್ತೀರಿ. ಮೊದಲ ಎರಡು ಮೂರು ಕಿಲೋಮೀಟರ್ ಅಂದಾಜಿನ ಮೇಲೆ ಓಡಿಸಬೇಡಿ, ಮೀಟರ್ ನೋಡಿಕೊಂಡೇ ಓಡಿಸಿ.